ರಕ್ತ ಕಡಿಮೆ ಇರುವವರಿಗೆ ಮರಗಟ್ಟಿಸುವ ಇಂಜೆಕ್ಷನ್: ಅಪಾಯ ಎಲ್ಲಿದೆ, ಎಲ್ಲಿಲ್ಲ

ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ಚಿತ್ರದುರ್ಗದಲ್ಲಿಯೂ ಒಂದಿದೆ. ಜಗಳೂರು, ಚಳ್ಳಕೆರೆ, ಹೊಳಲ್ಕೆರೆ, ಮೊಳಕಾಲ್ಮೂರು ಕಡೆಗಳಿಂದ ಹಲ್ಲುನೋವು ತಾಳಲಾರದೆ ಬೆಳಗಿನ ಬಸ್ಸು ಹತ್ತಿ ಇಲ್ಲಿಗೆ ಬರುವ ಹೆಂಗಸರಲ್ಲಿ ಅನೇಕರಿಗೆ ತಮಗೆ ರಕ್ತಹೀನತೆ ಇದೆ ಎಂಬುದು ಹಲ್ಲು ಕೀಳುವ ಮುನ್ನ ಮಾಡಿಸುವ ರಕ್ತಪರೀಕ್ಷೆಯಲ್ಲಿಯೇ ಮೊದಲ ಬಾರಿಗೆ ತಿಳಿಯುತ್ತದೆ. ವರದಿಯಲ್ಲಿ ಹಿಮೋಗ್ಲೋಬಿನ್ 8 ಎಂದೋ 8.5 ಎಂದೋ ಬಂದಾಗ ಜೊತೆಯಲ್ಲಿ ಬಂದವರು ಕೇಳುವ ಪ್ರಶ್ನೆ ಸಹಜವಾದದ್ದು: "ರಕ್ತ ಕಡಿಮೆ ಐತಂತಲ್ಲ ಡಾಕ್ಟ್ರೇ, ಮರಗಟ್ಟೋ ಸೂಜಿ ಕೊಟ್ರೆ ಏನೂ ಆಗಲ್ವಾ?" 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಸುಮಾರು ಶೇ. 48. ಆದ್ದರಿಂದ ಇದು ಎಲ್ಲೋ ಒಬ್ಬಿಬ್ಬರ ಪ್ರಶ್ನೆಯಲ್ಲ. ನಮ್ಮ ಭಾಗದ ಪ್ರತಿ ಎರಡನೆಯ ಮನೆಯ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯ ಕಬ್ಬಿಣಾಂಶದ ಕೊರತೆಯಿಂದ ರಕ್ತ ಕಡಿಮೆಯಾದವರಿಗೆ, ಒಂದು ಹಲ್ಲು ಕೀಳಲು ಅಥವಾ ಒಂದು ಗಾಯಕ್ಕೆ ಹೊಲಿಗೆ ಹಾಕಲು ಬೇಕಾಗುವಷ್ಟು ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧ ಸುರಕ್ಷಿತ. ರಕ್ತಹೀನತೆಯು ಆ ಔಷಧವನ್ನು ವಿಷವಾಗಿಸುವುದಿಲ್ಲ. ಆದರೆ ಬೇರಾವುದಾದರೂ ಕಾರಣದಿಂದ ಎಡವಟ್ಟಾದಲ್ಲಿ ಅದನ್ನು ತಡೆದುಕೊಳ್ಳಲು ದೇಹದ ಬಳಿ ಇರಬೇಕಾದ ಆಮ್ಲಜನಕದ ಮೀಸಲು ಇವರಲ್ಲಿ ಕಡಿಮೆ ಇರುತ್ತದೆ. ಹೀಗಾಗಿ ವರದಿಯ ಸಂಖ್ಯೆಯೊಂದನ್ನೇ ನೋಡಿ "ಆಗುತ್ತದೆ" ಅಥವಾ "ಆಗುವುದಿಲ್ಲ" ಎಂದು ಹೇಳಲಾಗದು; ರಕ್ತ ಏಕೆ ಕಡಿಮೆಯಾಗಿದೆ, ಎಷ್ಟು ಬೇಗ ಕಡಿಮೆಯಾಯಿತು, ಕೊಡುವ ಔಷಧ ಯಾವುದು, ಎಷ್ಟು ಕೊಡುತ್ತಾರೆ, ಎಲ್ಲಿಗೆ ಕೊಡುತ್ತಾರೆ ಎಂಬುದೆಲ್ಲ ಸೇರಿ ಉತ್ತರವಾಗುತ್ತದೆ.

ನೋವಿನ ಸಂದೇಶವು ನರದ ಮೂಲಕ ವಿದ್ಯುತ್ ಅಲೆಯ ರೂಪದಲ್ಲಿ ಮಿದುಳಿಗೆ ಸಾಗುತ್ತದೆ. ನರದ ಹೊರಪೊರೆಯಲ್ಲಿರುವ ಸೂಕ್ಷ್ಮ ದ್ವಾರಗಳ ಮೂಲಕ ಸೋಡಿಯಂ ಕಣಗಳು ಒಳನುಗ್ಗಿದಾಗ ಈ ಅಲೆ ಹುಟ್ಟುತ್ತದೆ. ಸ್ಥಳೀಯ ಅರಿವಳಿಕೆಯ ಔಷಧಗಳು ಆ ದ್ವಾರಗಳನ್ನು ಕೆಲಹೊತ್ತು ಮುಚ್ಚಿಬಿಡುತ್ತವೆ. ಅಷ್ಟು ಹೊತ್ತು ಆ ಭಾಗ ಮರಗಟ್ಟಿರುತ್ತದೆ. 1884ರಲ್ಲಿ ಕಾರ್ಲ್ ಕೊಲ್ಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಕೊಕೇನ್ ಬಳಸಿದ್ದರಿಂದ ಆರಂಭವಾದ ಈ ವಿದ್ಯೆಯಲ್ಲಿ, 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೊಫ್‌ಗ್ರೆನ್ ಸಂಶ್ಲೇಷಿಸಿದ ಲಿಗ್ನೊಕೇನ್ ಇಂದಿಗೂ ಅತಿ ಹೆಚ್ಚು ಬಳಕೆಯಲ್ಲಿರುವ ಔಷಧಗಳಲ್ಲೊಂದು. ಇಂಜೆಕ್ಷನ್ ಕೊಟ್ಟ ಜಾಗದಿಂದ ಔಷಧವು ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಒಡೆದು ಹೋಗುತ್ತದೆ. ರಕ್ತದಲ್ಲಿ ಅದರ ಮಟ್ಟ ವಿಪರೀತ ಏರಿದರೆ ಮಾತ್ರ ಮಿದುಳಿನ ಮತ್ತು ಹೃದಯದ ಸೋಡಿಯಂ ದ್ವಾರಗಳಿಗೂ ತೊಂದರೆಯಾಗುತ್ತದೆ.

ಆ ಮಟ್ಟ ಏರದಂತೆ ನೋಡಿಕೊಳ್ಳಲು ದೇಹದ ತೂಕಕ್ಕೆ ತಕ್ಕ ಮಿತಿಯಿದೆ. ಬರಿಯ ಲಿಗ್ನೊಕೇನ್ ಆದರೆ ಕಿಲೋಗ್ರಾಂ ತೂಕಕ್ಕೆ 4.5 ಮಿಲಿಗ್ರಾಂ, ರಕ್ತನಾಳಗಳನ್ನು ಕುಗ್ಗಿಸುವ ಅಡ್ರಿನಲಿನ್ ಬೆರೆತದ್ದಾದರೆ 7 ಮಿಲಿಗ್ರಾಂ ಎಂಬುದು ರೂಢಿಯಲ್ಲಿರುವ ಗರಿಷ್ಠ ಪ್ರಮಾಣ. ಶೇ. 2ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಔಷಧವಿರುತ್ತದೆ. 50 ಕಿಲೋ ತೂಗುವ ಮಹಿಳೆಗೆ ಬರಿಯ ಲಿಗ್ನೊಕೇನಿನ ಮಿತಿ 225 ಮಿಲಿಗ್ರಾಂ, ಅಂದರೆ ಸುಮಾರು 11 ಮಿಲಿಲೀಟರು. ಒಂದು ದವಡೆ ಹಲ್ಲು ಕೀಳಲು ಸಾಮಾನ್ಯವಾಗಿ ಎರಡು ಮೂರು ಮಿಲಿಲೀಟರು ಸಾಕು. ಮಿತಿಗೂ ಬಳಕೆಗೂ ನಡುವೆ ಇಷ್ಟು ಅಂತರ ಇರುವುದರಿಂದಲೇ ಹಲ್ಲಿನ ಚಿಕಿತ್ಸೆ ರಕ್ತಹೀನತೆ ಇರುವವರಲ್ಲಿಯೂ ನಿರಾತಂಕವಾಗಿ ನಡೆಯುತ್ತದೆ. ಆದರೆ ರಕ್ತಹೀನತೆಯ ಜೊತೆಯಲ್ಲಿ ಅಪೌಷ್ಟಿಕತೆಯೂ ಇದ್ದು ತೂಕ 38 ಕಿಲೋ ಇದ್ದರೆ ಮಿತಿ 171 ಮಿಲಿಗ್ರಾಮಿಗೆ ಇಳಿಯುತ್ತದೆ. 15 ಕಿಲೋದ ಮಗುವಿನಲ್ಲಿ ಮೂರೂವರೆ ಮಿಲಿಲೀಟರಿಗೂ ಒಳಗೆ ಮುಗಿದುಹೋಗುತ್ತದೆ. ತೂಕ ನೋಡದೆ ಇಂಜೆಕ್ಷನ್ ತುಂಬುವ ಅಭ್ಯಾಸ, ನನ್ನ ದೃಷ್ಟಿಯಲ್ಲಿ, ಕಡಿಮೆ ಹಿಮೋಗ್ಲೋಬಿನ್‌ಗಿಂತ ದೊಡ್ಡ ಅಪಾಯ.

ಇನ್ನು ರಕ್ತಹೀನತೆ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಡೆಸಿಲೀಟರಿಗೆ (ನೂರು ಮಿಲಿಲೀಟರ್ ರಕ್ತಕ್ಕೆ) 12 ಗ್ರಾಂ, ಗರ್ಭಿಣಿಯರಲ್ಲಿ 11 ಗ್ರಾಂ, ಗಂಡಸರಲ್ಲಿ 13 ಗ್ರಾಂಗಿಂತ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ರಕ್ತಹೀನತೆ ಎನ್ನುವುದು ವಾಡಿಕೆ. ಗರ್ಭಿಣಿಯರಲ್ಲಿ 7ಕ್ಕಿಂತ, ಉಳಿದ ವಯಸ್ಕರಲ್ಲಿ 8ಕ್ಕಿಂತ ಕೆಳಗಿಳಿದರೆ ಅದು ತೀವ್ರ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. ಹಿಮೋಗ್ಲೋಬಿನ್ 15 ಇರುವವರ ನೂರು ಮಿಲಿಲೀಟರ್ ರಕ್ತದಲ್ಲಿ ಹೀಗೆ 20 ಮಿಲಿಲೀಟರ್ ಆಮ್ಲಜನಕವಿದ್ದರೆ, 7 ಇರುವವರಲ್ಲಿ 9 ಚಿಲ್ಲರೆ ಮಾತ್ರ. ಆದರೂ ಅವರು ಹೊಲದಲ್ಲಿ ದುಡಿಯುತ್ತಾರೆ, ನೀರು ಹೊರುತ್ತಾರೆ. ತಿಂಗಳುಗಟ್ಟಲೆ ನಿಧಾನವಾಗಿ ರಕ್ತ ಇಳಿದಾಗ ದೇಹ ಹೊಂದಿಕೊಳ್ಳುವುದೇ ಇದಕ್ಕೆ ಕಾರಣ: ಹೃದಯ ಪ್ರತಿ ನಿಮಿಷ ಹೆಚ್ಚು ರಕ್ತವನ್ನು ತಳ್ಳುತ್ತದೆ, ಕೆಂಪು ರಕ್ತಕಣಗಳಲ್ಲಿ 2,3-ಡಿಪಿಜಿ ಎಂಬ ವಸ್ತು ಹೆಚ್ಚಾಗಿ ಹಿಮೋಗ್ಲೋಬಿನ್ ತಾನು ಹೊತ್ತ ಆಮ್ಲಜನಕವನ್ನು ಅಂಗಾಂಶಗಳಿಗೆ ಸುಲಭವಾಗಿ ಬಿಟ್ಟುಕೊಡುತ್ತದೆ. ಅದಕ್ಕೇ ವರ್ಷಗಳಿಂದ 7.5 ಇರುವ ವ್ಯಕ್ತಿ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂರಬಲ್ಲರು. ನಿನ್ನೆ ಅಪಘಾತದಲ್ಲಿ ರಕ್ತ ಸುರಿದು 9ಕ್ಕೆ ಇಳಿದವರು ಕೂರಲಾರರು. ಎರಡನೆಯವರ ಸಂಖ್ಯೆ ದೊಡ್ಡದಾದರೂ ಅಪಾಯ ಅವರಿಗೇ ಹೆಚ್ಚು.

ಹೊಂದಿಕೊಂಡ ದೇಹ ತನ್ನ ಉಪಾಯಗಳನ್ನೆಲ್ಲ ಆಗಲೇ ಖರ್ಚು ಮಾಡಿರುತ್ತದೆ ಎಂಬುದನ್ನು ಮರೆಯಬಾರದು. ಹೃದಯ ವಿಶ್ರಾಂತಿಯಲ್ಲಿಯೇ ವೇಗವಾಗಿ ಓಡುತ್ತಿರುವಾಗ ಇನ್ನೂ ವೇಗ ಹೆಚ್ಚಿಸಲು ಉಳಿದಿರುವ ಅವಕಾಶ ಕಡಿಮೆ. ಇದನ್ನು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ತೋರಿಸುವುದಿಲ್ಲ. ಹಿಮೋಗ್ಲೋಬಿನ್ 6 ಇರುವವರ ಬೆರಳಿಗೆ ಅದನ್ನು ಹಾಕಿದರೂ 98 ಎಂದೇ ಬರುತ್ತದೆ. ಮನೆಯವರು, ಕೆಲವೊಮ್ಮೆ ಆಸ್ಪತ್ರೆಯ ಸಿಬ್ಬಂದಿಯೂ, ಸಮಾಧಾನಪಟ್ಟುಕೊಳ್ಳುತ್ತಾರೆ. ಆ ಯಂತ್ರ ಹೇಳುವುದು ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕದಿಂದ ತುಂಬಿದೆ ಎಂಬುದನ್ನಷ್ಟೆ. ದಾವಣಗೆರೆಯ ಮಾರುಕಟ್ಟೆಗೆ ಬಂದ ಮೆಕ್ಕೆಜೋಳದ ಲಾರಿಗಳೆಲ್ಲ ಭರ್ತಿಯಾಗಿವೆ ಎಂದ ಮಾತ್ರಕ್ಕೆ ಬಂದ ಲಾರಿಗಳು ನೂರೋ ನಲವತ್ತೋ ಎಂಬುದು ತಿಳಿಯುವುದಿಲ್ಲವಲ್ಲ, ಹಾಗೆ.

ರಕ್ತಹೀನತೆಗೂ ಅರಿವಳಿಕೆಯ ಔಷಧಕ್ಕೂ ನೇರವಾದ ಸಂಬಂಧ ಇರುವುದು ಒಂದು ಕಡೆಯಲ್ಲಿ, ಅದನ್ನು ಸ್ವಲ್ಪ ವಿವರವಾಗಿಯೇ ತಿಳಿದುಕೊಳ್ಳಬೇಕು. ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣವು ಒಂದು ನಿರ್ದಿಷ್ಟ ರಾಸಾಯನಿಕ ಸ್ಥಿತಿಯಲ್ಲಿದ್ದಾಗ ಮಾತ್ರ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲದು. ಕೆಲವು ಔಷಧಗಳು ಆ ಕಬ್ಬಿಣವನ್ನು ಉತ್ಕರ್ಷಿಸಿ ಮೆಥಿಮೋಗ್ಲೋಬಿನ್ ಎಂಬ ನಿರುಪಯುಕ್ತ ರೂಪಕ್ಕೆ ತಿರುಗಿಸುತ್ತವೆ. ಆರೋಗ್ಯವಂತರಲ್ಲಿ ಇದು ಶೇ. 1ಕ್ಕಿಂತ ಕಡಿಮೆ ಇರುತ್ತದೆ, ಏಕೆಂದರೆ ಕೆಂಪು ಕಣದಲ್ಲಿರುವ ಕಿಣ್ವವೊಂದು ಅದನ್ನು ಮತ್ತೆ ಮತ್ತೆ ಸರಿಪಡಿಸುತ್ತಿರುತ್ತದೆ. ಅರಿವಳಿಕೆಯ ಔಷಧಗಳಲ್ಲಿ ಪ್ರಿಲೊಕೇನ್ ಮತ್ತು ಬೆಂಜೊಕೇನ್ ಈ ವಿಷಯದಲ್ಲಿ ಹೆಸರಾದವು. ಪ್ರಿಲೊಕೇನ್ ದೇಹದಲ್ಲಿ ಒಡೆದಾಗ ಹುಟ್ಟುವ ಆರ್ಥೊಟೊಲುಡಿನ್ ಎಂಬ ವಸ್ತುವೇ ಇದಕ್ಕೆ ಕಾರಣ. ಲಿಗ್ನೊಕೇನ್ ಮತ್ತು ಬ್ಯುಪಿವಕೇನ್‌ಗಳಿಂದ ಹೀಗಾಗುವುದು ಬಹಳ ಅಪರೂಪ.

ಹಿಮೋಗ್ಲೋಬಿನ್ 15 ಇರುವವರಲ್ಲಿ ಅದರ ಶೇ. 15 ಭಾಗ ಹೀಗೆ ನಿರುಪಯುಕ್ತವಾದರೂ 12.75 ಗ್ರಾಂ ಕೆಲಸಕ್ಕೆ ಉಳಿಯುತ್ತದೆ, ಅವರಿಗೆ ಹೆಚ್ಚಿನ ತೊಂದರೆ ಕಾಣದಿರಬಹುದು. 7 ಇರುವವರಲ್ಲಿ ಅಷ್ಟೇ ಪಾಲು ಹೋದರೆ ಉಳಿಯುವುದು 6 ಗ್ರಾಂ; ಸಾಲದ್ದಕ್ಕೆ, ಮೆಥಿಮೋಗ್ಲೋಬಿನ್ ಇರುವಾಗ ಉಳಿದ ಒಳ್ಳೆಯ ಹಿಮೋಗ್ಲೋಬಿನ್ ಕೂಡ ತನ್ನ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡು ಅಂಗಾಂಶಗಳಿಗೆ ಬಿಟ್ಟುಕೊಡಲು ಹಿಂದೆಗೆಯುತ್ತದೆ. ರಕ್ತಹೀನತೆಗೆ ಹೊಂದಿಕೊಳ್ಳಲು ದೇಹ ಮಾಡಿಕೊಂಡಿದ್ದ ಏರ್ಪಾಡನ್ನೇ ಇದು ತಿರುವುಮುರುವು ಮಾಡುತ್ತದೆ. ಇನ್ನೊಂದು ತೊಡಕೂ ಇದೆ. ತುಟಿ, ಉಗುರು ನೀಲಿಯಾಗುವುದು ಇದರ ಮುಖ್ಯ ಗುರುತು. ಡೆಸಿಲೀಟರಿಗೆ ಸುಮಾರು 1.5 ಗ್ರಾಂ ಮೆಥಿಮೋಗ್ಲೋಬಿನ್ ಸೇರಿದಾಗ ಅದು ಕಣ್ಣಿಗೆ ಬೀಳುತ್ತದೆ. 15 ಇರುವವರಲ್ಲಿ ಅದು ಶೇ. 10ರ ಮಟ್ಟ, 7 ಇರುವವರಲ್ಲಿ ಶೇ. 21ರ ಮಟ್ಟ. ಅಂದರೆ ಯಾರಿಗೆ ಅಪಾಯ ಬೇಗ ತಟ್ಟುತ್ತದೆಯೋ ಅವರಲ್ಲಿಯೇ ಅದರ ಗುರುತು ತಡವಾಗಿ ಕಾಣುತ್ತದೆ. ಆಮ್ಲಜನಕ ಕೊಟ್ಟರೂ ಆಕ್ಸಿಮೀಟರ್ 85ರ ಆಸುಪಾಸಿನಲ್ಲಿ ನಿಂತುಬಿಡುವುದು, ತೆಗೆದ ರಕ್ತ ಚಾಕಲೇಟ್ ಬಣ್ಣಕ್ಕೆ ತಿರುಗಿರುವುದು ವೈದ್ಯರಿಗೆ ಸುಳಿವು ಕೊಡುತ್ತವೆ. ಈ ಕಾರಣಗಳಿಂದ ರಕ್ತಹೀನತೆ ಇರುವವರಲ್ಲಿ ಪ್ರಿಲೊಕೇನ್ ಬಿಟ್ಟು ಲಿಗ್ನೊಕೇನ್ ಆರಿಸಿಕೊಳ್ಳುವುದು ವಿವೇಕ. ಪ್ರಿಲೊಕೇನಿನ ಈ ಪರಿಣಾಮ ಇಂಜೆಕ್ಷನ್ ಕೊಟ್ಟ ಕೂಡಲೇ ಕಾಣದೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುವುದುಂಟು. ಅಷ್ಟರಲ್ಲಿ ರೋಗಿ ಬಸ್ಸು ಹತ್ತಿ ಊರು ಸೇರಿರಬಹುದು ಎಂಬುದನ್ನು ನಮ್ಮ ಕಡೆಯ ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಪ್ರಿಲೊಕೇನ್ ಇಂಜೆಕ್ಷನ್ ನಮ್ಮಲ್ಲಿ ಅಪರೂಪವಾದರೂ ಅದು ಬೇರೆ ವೇಷದಲ್ಲಿ ಬರುತ್ತದೆ. ಚರ್ಮದ ಲೇಸರ್ ಚಿಕಿತ್ಸೆಗೆ, ಮಕ್ಕಳಿಗೆ ಸೂಜಿ ಚುಚ್ಚುವ ಮೊದಲು ಹಚ್ಚುವ ಮುಲಾಮಿನಲ್ಲಿ ಲಿಗ್ನೊಕೇನ್ ಶೇ. 2.5, ಪ್ರಿಲೊಕೇನ್ ಶೇ. 2.5 ಇರುತ್ತದೆ. ಹೇಳಿದಷ್ಟು ಜಾಗಕ್ಕೆ, ಹೇಳಿದಷ್ಟು ಹೊತ್ತು ಹಚ್ಚಿದರೆ ತೊಂದರೆಯಿಲ್ಲ. ರಕ್ತಹೀನತೆ ಇರುವ ಕೂಸಿಗೆ ಮೈತುಂಬ ಬಳಿದು ಪ್ಲಾಸ್ಟಿಕ್ ಹಾಳೆ ಸುತ್ತಿದರೆ ತೊಂದರೆಯಿದೆ, ಏಕೆಂದರೆ ಎಳೆಯ ಶಿಶುಗಳಲ್ಲಿ ಮೆಥಿಮೋಗ್ಲೋಬಿನ್ ಸರಿಪಡಿಸುವ ಕಿಣ್ವವೇ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಬೆಂಜೊಕೇನ್ ಇರುವ ಬಾಯಿಯ ಜೆಲ್‌ಗಳ ಬಗ್ಗೆಯೂ ಇದೇ ಮಾತು. ಕಬ್ಬಿಣ ಮತ್ತು ಬಿ12 ಕೊರತೆ ಇರುವವರಲ್ಲಿ ನಾಲಿಗೆ ಉರಿ, ಬಾಯಿಹುಣ್ಣು ಹೆಚ್ಚು. ಅವರೇ ಮೆಡಿಕಲ್ ಶಾಪಿನಿಂದ ಮರಗಟ್ಟಿಸುವ ಜೆಲ್ ತಂದು ದಿನಕ್ಕೆ ಹತ್ತಾರು ಬಾರಿ ಹಚ್ಚಿಕೊಳ್ಳುತ್ತಾರೆ. ಎರಡು ವರ್ಷದೊಳಗಿನ ಮಕ್ಕಳಿಗೆ ಹಲ್ಲು ಬರುವಾಗ ಬೆಂಜೊಕೇನ್ ಹಚ್ಚಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2018ರಲ್ಲಿ ಸ್ಪಷ್ಟವಾಗಿ ಎಚ್ಚರಿಸಿದೆ. ಇನ್ನು ಕುಷ್ಠರೋಗಕ್ಕೆ ಡ್ಯಾಪ್ಸೋನ್ ಮಾತ್ರೆ ನುಂಗುತ್ತಿರುವವರ ಸ್ಥಿತಿ ಇನ್ನೂ ಸೂಕ್ಷ್ಮ: ಆ ಮಾತ್ರೆ ಕೆಂಪು ಕಣಗಳನ್ನು ಒಡೆದು ರಕ್ತಹೀನತೆಯನ್ನೂ ತರಬಲ್ಲದು, ಮೆಥಿಮೋಗ್ಲೋಬಿನನ್ನೂ ಹೆಚ್ಚಿಸಬಲ್ಲದು. ಇಂಥವರು ಮಾತ್ರೆಯ ವಿಷಯವನ್ನು ಮುಚ್ಚಿಡದೆ ಹೇಳಬೇಕು. ಕೇಳುವ ವೈದ್ಯರು ಆ ಮಾತು ಸಂಕೋಚವಿಲ್ಲದೆ ಹೊರಬರುವಂತೆ ಕೇಳಬೇಕು. ಮೆಥಿಮೋಗ್ಲೋಬಿನ್ ಏರಿದರೆ ಮೆಥಿಲಿನ್ ಬ್ಲೂ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ, ಆದರೆ ಜಿ6ಪಿಡಿ ಎಂಬ ಕಿಣ್ವದ ಹುಟ್ಟು ಕೊರತೆ ಇರುವವರಲ್ಲಿ ಅದೇ ಔಷಧ ರಕ್ತಕಣಗಳನ್ನು ಒಡೆಯುತ್ತದೆ.

ಲಿಗ್ನೊಕೇನ್ ಜೊತೆ ಬೆರೆಸುವ ಅಡ್ರಿನಲಿನ್ ಬಗ್ಗೆ ಭಯ ಹೆಚ್ಚು, ಅಪಾಯ ಕಡಿಮೆ. ಅದು ರಕ್ತನಾಳಗಳನ್ನು ಕುಗ್ಗಿಸಿ ಔಷಧ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ, ರಕ್ತಸ್ರಾವವನ್ನೂ ತಗ್ಗಿಸುತ್ತದೆ. ಇವೆರಡೂ ರಕ್ತಹೀನತೆ ಇರುವವರಿಗೆ ಅನುಕೂಲವೇ. ಆದರೆ ತೀವ್ರ ರಕ್ತಹೀನತೆಯಿಂದ ಎದೆ ಹೊಡೆದುಕೊಳ್ಳುವವರಲ್ಲಿ, ಹೃದ್ರೋಗವಿರುವವರಲ್ಲಿ ಒಟ್ಟು ಅಡ್ರಿನಲಿನ್ 0.04 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುತ್ತಾರೆ. ಹಲ್ಲಿನ ಚಿಕಿತ್ಸೆಯಲ್ಲಿ ಬಳಸುವ 1:80,000 ಪ್ರಮಾಣದ ದ್ರಾವಣದಲ್ಲಿ ಆ ಮಿತಿ ಸುಮಾರು ಮೂರು ಮಿಲಿಲೀಟರಿಗೆ ಮುಟ್ಟುತ್ತದೆ, 1:2,00,000 ಆದರೆ ಎಂಟು ಮಿಲಿಲೀಟರಿಗೆ.

ಔಷಧದ ಪ್ರಮಾಣವೇ ಮಿತಿಯ ಹತ್ತಿರ ಹೋಗುವ ಸಂದರ್ಭಗಳಲ್ಲಿ ಲೆಕ್ಕ ಬದಲಾಗುತ್ತದೆ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಬಹುಮಟ್ಟಿಗೆ ರಕ್ತಹೀನತೆ ಇದ್ದೇ ಇರುತ್ತದೆ. ಅವರ ಕೈಯಲ್ಲಿ ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸುವ ಫಿಸ್ಟುಲಾ ಮಾಡಲು ಇಡೀ ತೋಳಿನ ನರಗಳ ಗುಚ್ಛವನ್ನು ಮರಗಟ್ಟಿಸುವಾಗ 20 ಮಿಲಿಲೀಟರ್ ಅಥವಾ ಅದಕ್ಕೂ ಹೆಚ್ಚು ದ್ರಾವಣ ಬೇಕಾಗಬಹುದು. ಬ್ಯುಪಿವಕೇನಿನ ಮಿತಿ ಕಿಲೋಗ್ರಾಮಿಗೆ ಸುಮಾರು 2 ಮಿಲಿಗ್ರಾಂ ಎಂದಿಟ್ಟುಕೊಂಡರೆ, 50 ಕಿಲೋದವರಿಗೆ ಶೇ. 0.5ರ ದ್ರಾವಣದ 20 ಮಿಲಿಲೀಟರಿಗೇ ಮಿತಿ ಮುಟ್ಟುತ್ತದೆ. ಈ ಔಷಧದ ಸುಮಾರು ಶೇ. 95 ಭಾಗ ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡಿದ್ದು, ಅಂಟದೆ ಉಳಿದ ಭಾಗ ಮಾತ್ರ ಹೃದಯ, ಮಿದುಳುಗಳ ಮೇಲೆ ಕೆಲಸ ಮಾಡುತ್ತದೆ. ಅಪೌಷ್ಟಿಕತೆಯಿಂದ ಪ್ರೋಟೀನು ಕಡಿಮೆಯಾದವರಲ್ಲಿ ಅಂಟದೆ ಉಳಿಯುವ ಭಾಗ ಹೆಚ್ಚಬಹುದು. ರಕ್ತದಲ್ಲಿ ಆಮ್ಲೀಯತೆ ಏರಿದಾಗ, ಆಮ್ಲಜನಕ ಇಳಿದಾಗ ಈ ಔಷಧಗಳ ವಿಷಪರಿಣಾಮ ಇನ್ನಷ್ಟು ಹೆಚ್ಚುತ್ತದೆ. ಸೆಳವು (ಫಿಟ್ಸ್) ಬಂದರೆ ದೇಹ ಆಮ್ಲಜನಕವನ್ನು ಬೇಗಬೇಗನೆ ಖಾಲಿ ಮಾಡುತ್ತದೆ, ಮೀಸಲು ಇಲ್ಲದವರಲ್ಲಿ ಆ ನಿಮಿಷಗಳೇ ನಿರ್ಣಾಯಕವಾಗುತ್ತವೆ. ಆದ್ದರಿಂದ ಪ್ರತಿ ಬಾರಿ ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುವುದಿಲ್ಲವೆಂದು ಖಚಿತಪಡಿಸಿಕೊಂಡು, ಸ್ವಲ್ಪಸ್ವಲ್ಪವಾಗಿ, ನಿಧಾನವಾಗಿ ಕೊಡುವ ಕ್ರಮವನ್ನು ಇವರಲ್ಲಿ ಎಂದಿಗೂ ತಪ್ಪಿಸಬಾರದು.

ಹೆರಿಗೆಯ ಶಸ್ತ್ರಚಿಕಿತ್ಸೆಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಇದಕ್ಕೆ ತದ್ವಿರುದ್ಧ. ಅಲ್ಲಿ ಬಳಸುವ ಬ್ಯುಪಿವಕೇನ್ ಎರಡು ಮಿಲಿಲೀಟರಿನ ಆಸುಪಾಸು, ಅಂದರೆ ಸುಮಾರು 10 ಮಿಲಿಗ್ರಾಂ. ಅದು ರಕ್ತಕ್ಕೆ ಸೇರಿ ವಿಷವಾಗುವ ಪ್ರಶ್ನೆ ಇಲ್ಲವೆಂದೇ ಹೇಳಬಹುದು. ಆದರೆ ಸೊಂಟದ ಕೆಳಗಿನ ರಕ್ತನಾಳಗಳ ಬಿಗಿತವನ್ನು ಕಾಯುವ ನರಗಳೂ ಮರಗಟ್ಟುವುದರಿಂದ ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಇಳಿಯುತ್ತದೆ. ರಕ್ತ ಕಡಿಮೆ ಇರುವ ತಾಯಿಯಲ್ಲಿ ಹೊರುವ ಆಮ್ಲಜನಕ ಮೊದಲೇ ಕಡಿಮೆ, ಈಗ ಅದನ್ನು ತಲುಪಿಸುವ ಒತ್ತಡವೂ ಕಡಿಮೆ. ಹೊಟ್ಟೆಯಲ್ಲಿರುವ ಮಗುವಿಗೂ ಅದು ಮುಟ್ಟುತ್ತದೆ. ಅದಕ್ಕೆ ತಾಯಿಯನ್ನು ಎಡಕ್ಕೆ ಸ್ವಲ್ಪ ವಾಲಿಸಿ ಮಲಗಿಸುವುದು, ಒತ್ತಡ ಇಳಿಯದಂತೆ ಫೆನಿಲೆಫ್ರಿನ್‌ನಂಥ ಔಷಧವನ್ನು ಸಿದ್ಧವಾಗಿಟ್ಟುಕೊಳ್ಳುವುದು, ರಕ್ತದ ಗುಂಪು ನೋಡಿ ಹೊಂದುವ ರಕ್ತವನ್ನು ಮೊದಲೇ ಕಾಯ್ದಿರಿಸುವುದು ರೂಢಿ. ಇಲ್ಲಿ ತೊಂದರೆಯ ಬೇರು ಅರಿವಳಿಕೆಗಿಂತ ಹೆಚ್ಚಾಗಿ ಹೆರಿಗೆಯಲ್ಲಿ ಹೋಗುವ ರಕ್ತದಲ್ಲಿದೆ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಸಂಖ್ಯೆಯನ್ನು ಪ್ರತಿ ಭೇಟಿಯಲ್ಲಿ ಬರೆಯುವುದು ಏಕೆ ಎಂಬುದು ಆ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅರ್ಥವಾಗುತ್ತದೆ.

ರಕ್ತಹೀನತೆಯ ಕಾರಣವೂ ಕೆಲವೊಮ್ಮೆ ತೀರ್ಮಾನವನ್ನು ಬದಲಿಸುತ್ತದೆ. ಬಿ12 ಕೊರತೆಯಿಂದ ರಕ್ತ ಕಡಿಮೆಯಾದವರಲ್ಲಿ ಕಾಲು ಜೋಮು ಹಿಡಿಯುವುದು, ಅಂಗಾಲು ಉರಿಯುವುದು ಮೊದಲೇ ಇರಬಹುದು. ಬೆನ್ನಿಗೆ ಅಥವಾ ನರಗುಚ್ಛಕ್ಕೆ ಇಂಜೆಕ್ಷನ್ ಕೊಡುವ ಮುನ್ನ ಅದನ್ನು ಪರೀಕ್ಷಿಸಿ ಬರೆದಿಡದಿದ್ದರೆ, ನಂತರ "ಇಂಜೆಕ್ಷನ್ನಿಂದಲೇ ಹೀಗಾಯಿತು" ಎಂಬ ದುಃಖ, ವಾದ ಎರಡೂ ಉಳಿಯುತ್ತವೆ. ಮೂಳೆಮಜ್ಜೆಯ ಕಾಯಿಲೆಗಳಲ್ಲಿ ಕೆಂಪು ಕಣಗಳ ಜೊತೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳೂ ಇಳಿದಿರಬಹುದು. ಅಂಥವರಲ್ಲಿ ದವಡೆಯ ಆಳಕ್ಕೆ ಚುಚ್ಚುವ ಸೂಜಿಯಿಂದಲೂ ಒಳಗೇ ರಕ್ತ ಸೋರಿ ಗಡ್ಡೆಯಾಗಬಹುದು, ಬೆನ್ನಿನ ಇಂಜೆಕ್ಷನ್ ಅಂತೂ ಬೆನ್ನುಹುರಿಯ ಪಕ್ಕದಲ್ಲಿ ರಕ್ತ ತುಂಬಿ ಅಪಾಯ ತರಬಹುದು. ಹಿಮೋಗ್ಲೋಬಿನ್ ಒಂದನ್ನೇ ಅಳೆಯುವ ಬದಲು ಪೂರ್ಣ ರಕ್ತಕಣ ಎಣಿಕೆ ಮಾಡಿಸಿ ಎನ್ನುವುದು ಇದಕ್ಕೇ. ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ ಕುಡುಗೋಲು ಕಣ (ಸಿಕಲ್ ಸೆಲ್) ರಕ್ತಹೀನತೆ ಇರುವವರಲ್ಲಿ ಚಳಿ, ನಿರ್ಜಲತೆ, ಆಮ್ಲಜನಕದ ಕೊರತೆ ಮೂರನ್ನೂ ತಪ್ಪಿಸಬೇಕು. ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿ ರಕ್ತನಾಳಕ್ಕೆ ಔಷಧ ತುಂಬುವ ವಿಧಾನವನ್ನು ಅವರಲ್ಲಿ ಸಾಮಾನ್ಯವಾಗಿ ಬಿಡುತ್ತಾರೆ.

ನಮ್ಮ ಎರಡೂ ಜಿಲ್ಲೆಗಳಿಗೆ ಸೇರಿದ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಇಲ್ಲಿನ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುತ್ತದೆ. ಹಲ್ಲಿನ ಕಂದು ಕಲೆ ಎಲ್ಲರಿಗೂ ಕಾಣುತ್ತದೆ. ಬಹುಕಾಲ ಅದೇ ನೀರು ಕುಡಿದವರ ಬೆನ್ನುಮೂಳೆಯ ಕಟ್ಟುಗಳು ಸುಣ್ಣಗಟ್ಟಿ ಬಿಗಿಯುವುದು ಕಾಣುವುದಿಲ್ಲ. ಇಂಥವರಿಗೆ ಬೆನ್ನಿನ ಇಂಜೆಕ್ಷನ್ ಕೊಡಲು ಸೂಜಿ ಸುಲಭವಾಗಿ ದಾರಿ ಪಡೆಯದಿದ್ದಾಗ, ರಕ್ತಹೀನತೆಯನ್ನೂ ಲೆಕ್ಕಕ್ಕೆ ಹಿಡಿದು ಬೇರೆ ಬಗೆಯ ಅರಿವಳಿಕೆಯನ್ನು ಮೊದಲೇ ಯೋಚಿಸಿರಬೇಕಾಗುತ್ತದೆ.

ಹಾಗಾದರೆ ಯಾವಾಗ ಮುಂದೂಡಬೇಕು? ಹರ್ನಿಯಾ, ಗರ್ಭಕೋಶದ ಶಸ್ತ್ರಚಿಕಿತ್ಸೆಯಂತೆ ಕಾಯಬಹುದಾದವುಗಳನ್ನು ರಕ್ತ ಸುಧಾರಿಸಿಕೊಂಡ ಮೇಲೆ ಮಾಡುವುದು ಒಳ್ಳೆಯದು. ಕಬ್ಬಿಣದ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡರೆ ನಾಲ್ಕು ವಾರಗಳಲ್ಲಿ ಹಿಮೋಗ್ಲೋಬಿನ್ ಒಂದೆರಡು ಗ್ರಾಂ ಏರುವುದನ್ನು ನಿರೀಕ್ಷಿಸಬಹುದು, ರಕ್ತನಾಳದ ಮೂಲಕ ಕೊಡುವ ಕಬ್ಬಿಣ ಮಾತ್ರೆ ಒಗ್ಗದವರಿಗೆ ಮತ್ತು ಸಮಯವಿಲ್ಲದವರಿಗೆ ನೆರವಾಗುತ್ತದೆ. ಊಟವಾದ ಕೂಡಲೇ ಚಹಾ ಕುಡಿಯುವ ನಮ್ಮ ರೂಢಿ ಕಬ್ಬಿಣ ಹೀರಿಕೆಯನ್ನು ತಗ್ಗಿಸುತ್ತದೆ, ಆದ್ದರಿಂದ ಮಾತ್ರೆಗೂ ಚಹಾಕ್ಕೂ ಒಂದೆರಡು ಗಂಟೆ ಅಂತರವಿರಲಿ. ಆದರೆ ಕೀವುಗಟ್ಟಿ ಊದಿದ ಹಲ್ಲನ್ನು, ಬಾವನ್ನು, ತೆರೆದ ಗಾಯವನ್ನು "ರಕ್ತ ಕಡಿಮೆ ಇದೆ, ಏರಿಸಿಕೊಂಡು ಬನ್ನಿ" ಎಂದು ವಾಪಸು ಕಳುಹಿಸುವುದು ತಪ್ಪು. ಸೋಂಕು ಮುಂದುವರಿದಷ್ಟೂ ದೇಹ ಕಬ್ಬಿಣವನ್ನು ಬಳಸಿಕೊಳ್ಳುವ ಸಾಮರ್ಥ್ಯವೇ ಕುಂದುತ್ತದೆ. ಬಾಯಿ ತೆರೆಯಲಾರದವರು ಊಟವನ್ನೂ ಬಿಡುತ್ತಾರೆ. ನಿಧಾನವಾಗಿ ಬಂದ ರಕ್ತಹೀನತೆ ಇದ್ದು, ಕುಳಿತಲ್ಲಿ ಏದುಸಿರು, ಎದೆನೋವು, ಕಾಲಿನ ಬಾವು ಇಲ್ಲದವರಿಗೆ ಸ್ವಲ್ಪ ಲಿಗ್ನೊಕೇನಿನಲ್ಲಿ ಮುಗಿಯುವ ಚಿಕಿತ್ಸೆಯನ್ನು ಆ ದಿನವೇ ಮಾಡಬಹುದು. ಕುಳಿತಲ್ಲಿಯೇ ಏದುಸಿರು ಬಿಡುವವರನ್ನು ಸಣ್ಣ ಚಿಕಿತ್ಸಾಲಯದ ಕುರ್ಚಿಯಲ್ಲಿ ಕೂರಿಸದೆ, ರಕ್ತ ಕೊಡುವ ವ್ಯವಸ್ಥೆ ಇರುವ ಜಿಲ್ಲಾಸ್ಪತ್ರೆಗೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಕಳುಹಿಸಬೇಕು.

ರೋಗಿಯ ಕಡೆಯಿಂದ ಆಗಬೇಕಾದದ್ದು ಹೆಚ್ಚಿಲ್ಲ. ಹಳೆಯ ರಕ್ತಪರೀಕ್ಷೆಯ ಚೀಟಿ, ನುಂಗುತ್ತಿರುವ ಮಾತ್ರೆಗಳ ಹಾಳೆಗಳನ್ನು ಜೊತೆಗೆ ತನ್ನಿ. ಈ ಹಿಂದೆ ಇಂಜೆಕ್ಷನ್ ಕೊಟ್ಟಾಗ ತಲೆಸುತ್ತು, ನೀಲಿಯಾಗುವುದು ಏನಾದರೂ ಆಗಿದ್ದರೆ ಹೇಳಿ. ಬರಿಯ ಹಲ್ಲಿನ ಇಂಜೆಕ್ಷನ್ನಿಗೆ ಉಪವಾಸ ಬೇಕಿಲ್ಲ. ಊರಿನಿಂದ ಖಾಲಿ ಹೊಟ್ಟೆಯಲ್ಲಿ ಬಂದು, ಬಿಸಿಲಿನಲ್ಲಿ ಸರದಿ ಕಾದು, ಸೂಜಿ ನೋಡಿ ಕಣ್ಣು ಕತ್ತಲೆ ಬಂದು ಬೀಳುವವರನ್ನು ಔಷಧ ಒಗ್ಗಲಿಲ್ಲ ಎಂದು ತಪ್ಪಾಗಿ ತಿಳಿಯುವುದುಂಟು. ಬೆನ್ನಿನ ಇಂಜೆಕ್ಷನ್ ಆದರೆ ಗಟ್ಟಿ ಆಹಾರ ಬಿಟ್ಟು ಆರು ಗಂಟೆಯಾಗಿರಬೇಕು, ನೀರು ಬಿಟ್ಟು ಎರಡು ಗಂಟೆ.

ಇಂಜೆಕ್ಷನ್ ಆದ ಕೆಲವು ನಿಮಿಷಗಳಲ್ಲಿ ತುಟಿಯ ಸುತ್ತ, ನಾಲಿಗೆಯ ಎರಡೂ ಬದಿಯಲ್ಲಿ ಜುಮ್ಮೆನ್ನುವುದು, ಬಾಯಿಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಯ್‌ಗುಡುವ ಸದ್ದು, ಮಾತು ತೊದಲುವುದು, ಕೈಕಾಲು ಅದುರುವುದು ಕಂಡರೆ ಕೂಡಲೇ ಹೇಳಬೇಕು. ಔಷಧ ರಕ್ತದಲ್ಲಿ ಹೆಚ್ಚಾಗಿರುವುದರ ಮೊದಲ ಗುರುತುಗಳು ಇವು. ಆಗ ಇಂಜೆಕ್ಷನ್ ನಿಲ್ಲಿಸಿ ಆಮ್ಲಜನಕ ಕೊಡುತ್ತಾರೆ, ಸೆಳವು ಬಂದರೆ ತಡೆಯುತ್ತಾರೆ, ತೀವ್ರವಾದರೆ ಶೇ. 20ರ ಕೊಬ್ಬಿನ ದ್ರಾವಣವನ್ನು ಕಿಲೋಗ್ರಾಂ ತೂಕಕ್ಕೆ 1.5 ಮಿಲಿಲೀಟರಿನಂತೆ ರಕ್ತನಾಳಕ್ಕೆ ಕೊಡುತ್ತಾರೆ. 50 ಕಿಲೋದವರಿಗೆ ಅದು 75 ಮಿಲಿಲೀಟರ್. ದೊಡ್ಡ ಪ್ರಮಾಣದ ಮರಗಟ್ಟಿಸುವಿಕೆ ನಡೆಯುವ ಕಡೆಯಲ್ಲೆಲ್ಲ ಆ ದ್ರಾವಣ ಕೈಗೆಟುಕುವಲ್ಲಿರಬೇಕು. ಎಲ್ಲವೂ ಸರಿಯಾಗಿ ಮನೆಗೆ ಹೋದ ಮೇಲೆ ತುಟಿ, ಉಗುರು ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿದರೆ, ಕಾರಣವಿಲ್ಲದೆ ಉಸಿರು ಕಟ್ಟಿದಂತಾದರೆ, ತಲೆನೋವಿನೊಂದಿಗೆ ಮಂಕು ಕವಿದರೆ ಬೆಳಗಾಗಲೆಂದು ಕಾಯದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಯಾವ ಔಷಧ ಕೊಟ್ಟಿದ್ದರು, ಎಷ್ಟು ಹೊತ್ತಿಗೆ ಕೊಟ್ಟಿದ್ದರು, ರಕ್ತ ಎಷ್ಟಿತ್ತು ಎಂದು ಬರೆದಿರುವ ಚೀಟಿಯನ್ನು ತೋರಿಸಬೇಕು. ಆ ಮೂರನ್ನೂ ಚೀಟಿಯಲ್ಲಿ ಬರೆದುಕೊಡುವಂತೆ ಚಿಕಿತ್ಸಾಲಯ ಬಿಡುವ ಮುನ್ನವೇ ಕೇಳಿ ಪಡೆಯಿರಿ.